ಬಿಸಿನೀರು ಕದ್ದವರು ಯಾರು?

2024ರ ಜನವರಿ 13, ಶನಿವಾರ, ಸಂಜೆ 5 ಗಂಟೆ 10 ನಿಮಿಷ. ಬ್ರೂಸ್‌ಪೇಟೆಯ ಅರುಣಾ ಮೇಡಂ ಮನೆಗೆ ಕುರುಗೋಡಿನ ಮರಿಬಸಪ್ಪ ಬಂದರು. ಮೇಡಂ ಭೌತಶಾಸ್ತ್ರದ ಉಪನ್ಯಾಸಕಿ. ಜನ ತಮ್ಮ ಒಗಟುಗಳನ್ನೂ ಅವರ ಬಳಿಗೇ ತರುತ್ತಿದ್ದರು. ನಾನು ಇಪ್ಪತ್ತು ವರ್ಷಗಳಿಂದ ಅವರ ಪ್ರಯೋಗಾಲಯದ ಸಹಾಯಕ.

"ಗೀಸರ್ ತಗೋಬೇಕ್ರಿ ಮೇಡಂ. ಹದಿನೈದು ಲೀಟರಿಂದೋ, ಇಪ್ಪತ್ತೈದರದೋ ಹೇಳ್ರಿ."

"ಸೋಲಾರ್ ಇತ್ತಲ್ರಿ, ಏನಾತು?"

"ಐತ್ರಿ. ಬೆಳಿಗ್ಗೆ ಐದಕ್ಕ ನನ್ನ ಜಳಕಕ್ಕ ನೀರು ಸುಡತಾವು. ಆಮ್ಯಾಲೆ ನಮ್ಮಾಕಿ ಅಡಿಗಿಮನಿ ನಳ ಬಿಟ್ರ ತಣ್ಣಗ! ಬಚ್ಚಲಕ್ಕ ಹೊಸಾ ಹ್ಯಾಂಡ್ ಶವರ್ ಹಾಕ್ಸಿ ಮೂರು ವಾರಾತು, ಆವಾಗಿಂದ ಹಿಂಗ. ಕೆಳಗಿನ ಬಾಡಿಗಿಯಾಕಿ ಹಂಪಕ್ಕನೇ ಬಿಸಿನೀರೆಲ್ಲ ಖಾಲಿ ಮಾಡ್ತಾಳ. ಒಂದನೇ ತಾರೀಖಿಗೆ ಮನಿ ಬಿಡು ಅಂದೀನಿ."

ಮರುದಿನ ಬೆಳಿಗ್ಗೆ ಐದೂವರೆಗೆ ನಾವು ಕುರುಗೋಡಿನಲ್ಲಿದ್ದೆವು. ಮರಿಬಸಪ್ಪ ಜಳಕ ಮುಗಿಸಿ ಲಿಂಗಪೂಜೆಗೆ ಕೂತಿದ್ದರು. ಮಾಳಿಗೆಯ ಸೋಲಾರ್ ಟ್ಯಾಂಕಿನಿಂದ ಹಿಡಿದ ನೀರು 54 ಡಿಗ್ರಿ. ಅಡುಗೆಮನೆಯ ಬಿಸಿನೀರಿನ ನಳದಲ್ಲಿ 31. ಬಚ್ಚಲಲ್ಲಿ ಬಿಸಿ, ತಣ್ಣನೆಯ ನಳಗಳೆರಡೂ ಅರ್ಧ ತೆರೆದಿದ್ದವು. ಹ್ಯಾಂಡ್ ಶವರಿನ ಹಿಡಿಯಲ್ಲಿದ್ದ, ನೀರು ಬಿಡುವ ಗುಂಡಿ ಮಾತ್ರ ಮುಚ್ಚಿತ್ತು. ಒಂದು ಹನಿಯೂ ಬೀಳುತ್ತಿರಲಿಲ್ಲ.

ಪೂಜೆ ಮುಗಿದ ಮೇಲೆ ಎಲ್ಲರೂ ಅಡುಗೆಮನೆಯಲ್ಲಿ ಸೇರಿದರು. ಟೇಲರಿಂಗ್ ಮಾಡುವ ಹಂಪಕ್ಕ ಬಾಗಿಲಲ್ಲೇ ನಿಂತಳು.

"ಕದ್ದಿದ್ರ ಟ್ಯಾಂಕ್ ತಣ್ಣಗಿರಬೇಕಿತ್ತು," ಎಂದರು ಮೇಡಂ. "ಬಿಸಿನೀರು ಮ್ಯಾಲೇ ಐತಿ. ದಾರ್ಯಾಗ ತಣ್ಣೀರು ಸೇರತೈತಿ. ಮರಿಬಸಪ್ಪರ, ಜಳಕ ಆದ ಮ್ಯಾಲೆ ಎರಡೂ ನಳ ಯಾಕ ಬಂದ್ ಮಾಡಂಗಿಲ್ಲ?"

"ಹದ ಕೆಡತೈತ್ರಿ! ಪೂಜಿ ಹೊತ್ತಿನ್ಯಾಗ ತಿರುವಿಕೋತ ನಿಂದ್ರಾಕ ಆಕ್ಕೈತೇನು? ಒಂದ ಸಲ ಹದ ಮಾಡಿಟ್ಟೀನಿ. ಗುಂಡಿ ಒತ್ತಿದ್ರಾತು."

"ಗುಂಡಿ ಮುಚ್ಚಿದ್ರೂ ಎರಡು ಪೈಪು ಒಳಗ ಕೂಡೇ ಇರತಾವು. ಬ್ಯಾರೆ ಕಡಿ ಬಿಸಿ ನಳ ಬಿಟ್ರ, ಹತ್ತಿರದ ದಾರಿ ಹಿಡಿದು ತಣ್ಣೀರ ಬಿಸಿ ಪೈಪಿಗೆ ಓಡಿ ಬರತೈತಿ. ಗೀಸರ್ ತಂದಿದ್ರೂ ಇದ ಗತಿ."

"ಊರಿಗೆಲ್ಲ ಹದ ಹೇಳಾವ್ರು, ಮನ್ಯಾಗ ಹಿಂಗ!" ಎಂದು ಹೆಂಡತಿ ದಾಕ್ಷಾಯಣಮ್ಮ ನಕ್ಕರು.

ಮೇಡಂ ನಗಲಿಲ್ಲ. "ಹಂಪಕ್ಕ, ನಿನಗ ಬಿಸಿನೀರು ಬರತಿತ್ತೇನವ್ವ?"

"ಎಲ್ಲಿದ್ರೀ! ಒಲಿ ಮ್ಯಾಲೆ ಕಾಸ್ಕೊಂತಿದ್ದೆ. ಕಳ್ಳಿ ಅಂದವ್ರ ಮುಂದ ನನಗೂ ಬರವಲ್ದು ಅಂದ್ರ ಯಾರು ನಂಬ್ತಾರ?"

ಯಾರೂ ಅವಳನ್ನು ಅದುವರೆಗೆ ಆ ಪ್ರಶ್ನೆ ಕೇಳಿರಲಿಲ್ಲ. ಮರಿಬಸಪ್ಪ ಎದ್ದು ಹೋಗಿ ಎರಡೂ ನಳ ಬಿಗಿದು ಬಂದರು. "ತಪ್ಪಾತವ್ವ. ಮನಿ ಬಿಡಬ್ಯಾಡ."

"ಇರ್ತೀನ್ರಿ. ಆದ್ರ ಕಳ್ಳಿ ಅಂತ ಓಣ್ಯಾಗ ನಿಂತು ಅಂದೀರಿ. ಅಲ್ಲ ಅನ್ನೋದನ್ನೂ ಅಲ್ಲೇ ನಿಂತು ಹೇಳ್ರಿ."

ಮರಿಬಸಪ್ಪ ಚಪ್ಪಲಿ ಮೆಟ್ಟಿ ಓಣಿಗಿಳಿದರು. ಹೊರಗೆ ಅವರ ದನಿ ಕೇಳುತ್ತಿದ್ದಾಗ ಹಂಪಕ್ಕ ತನ್ನ ಮನೆಯ ನಳ ಬಿಟ್ಟಳು. ಎರಡು ನಿಮಿಷದ ನಂತರ ನಾನು ಉಷ್ಣಮಾಪಕ ಹಿಡಿದೆ: 51 ಡಿಗ್ರಿ.