ಬೆಳಗಾಗುವಷ್ಟರಲ್ಲಿ ಹತ್ತು ವರ್ಷ ಚಿಕ್ಕವಳು

“ನಿಮ್ಮ ಮುಖ ನೋಡಿದ್ರೆ ಸಾಕು, ಹೊಸ ಶೂನೂ ಹಳೇ ಸ್ಟಾಕು ಅಂದ್ಕೊಂಡು ಗಿರಾಕಿಗಳು ವಾಪಸ್ ಹೋಗ್ತಾರೆ!”

ಮ್ಯಾನೇಜರ್ ಇದನ್ನು ಒಳಗೆ ಕರೆದು ಹೇಳಲಿಲ್ಲ. ಮೆಲ್ಲಗೂ ಹೇಳಲಿಲ್ಲ. ಶೂನಿಂದ ಕ್ರೀಮಿನವರೆಗೆ ಎಲ್ಲ ಮಾರುವ ಆ ದೊಡ್ಡ ಅಂಗಡಿಯ ನಟ್ಟನಡುವೆ, ಸಂಜೆಯ ಗಿಜಿಗಿಜಿಯಲ್ಲಿ, ಬಿಲ್ಲು ಕಟ್ಟಲು ನಿಂತವರೆಲ್ಲ ತಿರುಗಿ ನೋಡುವ ಹಾಗೆ ಹೇಳಿದ. ಬಾಯಿಗೆ ಬೀಗ ಇಲ್ಲದವನ ಕೈಗೆ ಅಂಗಡಿಯ ಬೀಗದ ಕೈ ಕೊಟ್ಟರೆ ಹೀಗೇ.

ಅವಳು ಮೊಣಕಾಲೂರಿ ಕೂತು ಗಿರಾಕಿಯೊಬ್ಬರ ಶೂ ಲೇಸು ಕಟ್ಟುತ್ತಿದ್ದಳು. ಕೈ ಅಲ್ಲೇ ನಿಂತುಬಿಟ್ಟಿತು.

“ನಾಳೆಯಿಂದ ಮುಂದ್ಗಡೆ ಫ್ರೆಶ್ ಮುಖಗಳೇ ಇರ್ಬೇಕು. ಬೆಳಗ್ಗೆ ದೊಡ್ಡಮ್ಮ ಬರ್ತಾರೆ, ನಿಮ್ಮನ್ನ ಗೋಡೌನಿಗೆ ಹಾಕೋಕೆ ಒಪ್ಪಿಗೆ ತಗೋತೀನಿ. ಅಲ್ಲಿ ಡಬ್ಬ ಜೋಡಿಸ್ಕೊಂಡು ಇರಿ. ಡಬ್ಬಗಳು ಯಾರ ಮುಖಾನೂ ನೋಡಲ್ಲ!”

ದೊಡ್ಡಮ್ಮ ಎಂದರೆ ಅಂಗಡಿಯ ಒಡತಿ. ಯಾವಾಗಲೋ ಒಮ್ಮೆ ಬರುತ್ತಿದ್ದರು, ಬಂದಾಗ ಹೇಳಿದ್ದೇ ಶಾಸನ.

ಯಾರೋ ಕಿಸಕ್ಕೆಂದರು. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ಕಣ್ಣು ತುಂಬಿಕೊಂಡು ತಲೆ ಎತ್ತಿದಳು. ಮೊದಲು ಕಂಡದ್ದು ಎದುರಿನ ಕ್ರೀಮ್ ಕೌಂಟರಿನವನ ಮುಖ.

ನಗುತ್ತಿದ್ದ! ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದ!

‘ಇವನೂನಾ...?’

ಆ ಕೌಂಟರಿಗೆ ಅವನು ಬಂದು ತಿಂಗಳಾಗಿತ್ತು. ಒಂದು ಮಾತೂ ಆಡಿರಲಿಲ್ಲ. ಆದರೆ ಬೆಳಗ್ಗೆ ಷಟರ್ ಎತ್ತುವಾಗ ಒಂದು ನೋಟ, ಸಂಜೆ ದೀಪ ಆರಿಸುವಾಗ ಒಂದು ನೋಟ ಇತ್ತಿಂದತ್ತ ಹೋಗಿಬರುತ್ತಿತ್ತು. ಅದು ತನಗೇ ಎಂದು ಅವಳು ಒಳಗೊಳಗೇ ಇಟ್ಟುಕೊಂಡಿದ್ದಳು. ಮೂವತ್ತೆಂಟರ ಹೆಂಗಸು ಇಂಥದ್ದನ್ನು ಯಾರಿಗೂ ಹೇಳುವುದಿಲ್ಲ. ತಲೆ ಬಾಚುವ ಬಾಚಣಿಗೆಗೂ ಹೇಳುವುದಿಲ್ಲ.

ಅದೂ ಇವತ್ತು ಮುಗಿಯಿತು...

ಅವನ ಬೆನ್ನ ಹಿಂದೆ ದೊಡ್ಡ ಜಾಹೀರಾತು ನೇತಾಡುತ್ತಿತ್ತು. ‘ಹಚ್ಚಿ ಮಲಗಿ. ಬೆಳಗಾಗುವಷ್ಟರಲ್ಲಿ ಹತ್ತು ವರ್ಷ ಚಿಕ್ಕವರಾಗಿ!’ ಚಿತ್ರದಲ್ಲಿದ್ದ ಹುಡುಗಿಗೆ ಇಪ್ಪತ್ತೂ ತುಂಬಿರಲಿಲ್ಲ. ಆ ಹುಡುಗಿಯ ವಯಸ್ಸಿನಲ್ಲಿ ಹತ್ತು ಕಳೆದರೆ ಹಾಲುಹಲ್ಲು ಬೀಳುವ ಪ್ರಾಯ ಉಳಿಯುತ್ತದೆ. ಆದರೂ ಜನ ನಂಬುತ್ತಿದ್ದರು. ಮೊದಲು ಹೆಂಗಸರನ್ನು ಅಳಿಸುವುದು, ಆಮೇಲೆ ಕಣ್ಣೊರೆಸಲು ಡಬ್ಬಿ ಮಾರುವುದು. ಎಂಥಾ ವ್ಯಾಪಾರ!

ಅವಳು ಆ ಅಕ್ಷರಗಳನ್ನೇ ನೋಡಿದಳು. ಬೆಳಗ್ಗೆ ದೊಡ್ಡಮ್ಮ ಬರುತ್ತಾರೆ. ಇರುವುದು ಒಂದೇ ರಾತ್ರಿ.

ಅಂಗಡಿ ಮುಚ್ಚುವ ಹೊತ್ತಿಗೆ ಮಾನ ಬಿಟ್ಟು ಅವನ ಕೌಂಟರಿಗೆ ಹೋದಳು.

“ಆ ರಾತ್ರಿ ಕ್ರೀಮು... ಸ್ಯಾಂಪಲ್ ಡಬ್ಬಿ ಒಂದಿನ ಕೊಡ್ತೀರಾ? ಬೆಳಗ್ಗೆ ತಂದಿಡ್ತೀನಿ.”

ಅವನ ಮುಖದ ಬಣ್ಣವೇ ಇಳಿದುಹೋಯಿತು. “ಬೇಡ.”

“ಯಾಕೆ?”

“ಬೇಡ ಅಂದ್ರೆ ಬೇಡ ರೀ. ನಿಮಗೆ ಇದು ಕೆಲಸ ಮಾಡಲ್ಲ.”

ಕೆನ್ನೆಗೆ ಹೊಡೆದಂತಾಯಿತು ಅವಳಿಗೆ. ‘ಕೆಲಸ ಮಾಡಲ್ಲ! ಅಷ್ಟು ಮೀರಿಹೋಯ್ತಾ ನನ್ನ ಕಥೆ?’

“ಎಲ್ಲರ ಮುಂದೆ ನಕ್ಕಿದ್ದು ಸಾಲದಾ ನಿಮಗೆ?”

“ಅಯ್ಯೋ, ಹಾಗಲ್ಲ! ಸ್ವಲ್ಪ ಕೇಳಿ ಇಲ್ಲಿ...”

ಅಷ್ಟರಲ್ಲಿ ಬೀಗದ ಕೈ ಗೊಂಚಲು ಝಣಝಣ ಅಲ್ಲಾಡಿಸುತ್ತ ಮ್ಯಾನೇಜರ್ ಬಂದ. ಕೌಂಟರಿನವನ ಬಾಯಿ ಟಪ್ಪನೆ ಮುಚ್ಚಿತು. ಅವಳು ಡಬ್ಬಿಯನ್ನು ಕಿತ್ತುಕೊಂಡವಳೇ ಚೀಲಕ್ಕೆ ತುರುಕಿ ಹೊರಟಳು. ಬಾಗಿಲು ದಾಟುವಾಗ ಹಿಂದಿನಿಂದ ಅವನು ಕೂಗಿದ್ದು ಕೇಳಿಸಿತು.

“ಕಣ್ಣಿನ ಹತ್ರ ಮಾತ್ರ ಹಚ್ಬೇಡಿ!”

‘ಸುಕ್ಕು ಇರೋದೇ ಅಲ್ಲಿ, ಮೂದೇವಿ!’ ಎಂದುಕೊಂಡಳು.

ಮನೆಯಲ್ಲಿ ಅಮ್ಮ ಡಬ್ಬಿಯನ್ನು ತಿರುಗಿಸಿ, ಮೂಸಿ ನೋಡಿದರು.

“ಇದೆಂಥದ್ದೇ? ಎಲ್ಲೋ ಮೂಸಿದ ವಾಸನೆ...”

“ಮುಖಕ್ಕಮ್ಮಾ. ಹಚ್ಚಿದ ಮೇಲೆ ಮಾತಾಡಬಾರದು, ನಗಬಾರದು, ಬೇಗ ಮಲಗಬೇಕಂತೆ.”

“ನಗಬಾರದು ಅಂತ ನಿನಗೆ ಬೇರೆ ಹೇಳ್ಬೇಕಾ! ನೀನು ಕೊನೇ ಸಲ ನಕ್ಕಿದ್ದು ನನ್ನ ಕಟ್ಟುಹಲ್ಲು ಸಾರಿಗೆ ಬಿದ್ದಾಗ.”

ಅವಳಿಗೆ ನಗು ಬರಲಿಲ್ಲ. ಸಂಜೆ ನಡೆದದ್ದನ್ನು ಹೇಳಿದಳು. ಕ್ರೀಮ್ ಕೌಂಟರಿನ ನಗುವಿನ ಸುದ್ದಿಯೊಂದನ್ನು ನುಂಗಿಕೊಂಡಳು.

ಅಮ್ಮ ಡಬ್ಬಿಯನ್ನು ಅವಳ ಮುಂದೆ ಇಟ್ಟರು. ಆಮೇಲೆ ಅವಳ ಕೈಯಲ್ಲಿದ್ದ ಪಾತ್ರೆ ಕಿತ್ತುಕೊಂಡರು.

“ಹೋಗಿ ಬಿದ್ಕೋ. ಪಾತ್ರೆ ನಾನು ತೊಳೀತೀನಿ.”

“ನಿನ್ನ ಸೊಂಟ...”

“ಈಗಿಂದ್ಲೇ ಮಾತು ನಿಲ್ಸು, ಆಮೇಲೆ ಕ್ರೀಮು ಬಿರುಕು ಬಿಡುತ್ತೆ!”

ದಿನಾ ಈ ಹೊತ್ತಿಗೆ ಅವಳಿಗೆ ಎರಡನೇ ಕೆಲಸ ಶುರುವಾಗುತ್ತಿತ್ತು. ಪಾತ್ರೆ, ಬಟ್ಟೆ, ನಾಳೆಯ ಅಡುಗೆಗೆ ಹೆಚ್ಚಿಡುವುದು, ಅಮ್ಮನ ಕಾಲಿಗೆ ಎಣ್ಣೆ. ಅಂದು ಯಾವುದೂ ಇಲ್ಲ. ಕೆನ್ನೆ, ಹಣೆ, ಗಲ್ಲ ಎಲ್ಲಕ್ಕೂ ಹಚ್ಚಿದಳು. ಕಣ್ಣಿನ ಹತ್ತಿರ ಬೆರಳು ಹೋಯಿತು... ನಿಂತಿತು. ಯಾಕೋ ಅವನ ಮಾತನ್ನು ಮೀರಲು ಮನಸ್ಸಾಗಲಿಲ್ಲ. ತನ್ನ ಮೇಲೆ ತನಗೇ ಸಿಟ್ಟು ಬಂತು.

ಬೀದಿಯಲ್ಲಿ ಇನ್ನೂ ಬಸ್ಸುಗಳ ಸದ್ದಿತ್ತು. ಅವಳಿಗೆ ನಿದ್ದೆ ಬಂದಿತ್ತು.

ಬೆಳಗ್ಗೆ ಕನ್ನಡಿ ನೋಡಿ ಬೆಚ್ಚಿದಳು. ಹತ್ತು ವರ್ಷವೇನೂ ಹೋಗಿರಲಿಲ್ಲ. ಆದರೆ ಕಣ್ಣಿನ ಕೆಳಗಿನ ಕಪ್ಪು ತಿಳಿಯಾಗಿತ್ತು, ಕೆನ್ನೆಯಲ್ಲಿ ರಕ್ತ ಆಡುತ್ತಿತ್ತು!

“ಅಮ್ಮಾ! ಬಾ ಇಲ್ಲಿ! ನೋಡು!”

ಅಮ್ಮ ಕನ್ನಡಕ ಹಾಕಿಕೊಂಡು ನೋಡಿದರು. “ನಿಜ ಕಣೇ. ನಿದ್ದೆ ಮಾಡಿದೋಳ ಹಾಗೆ ಕಾಣ್ತೀಯ.”

ಆ ಮಾತು ಅವಳ ಕಿವಿಗೇ ಬೀಳಲಿಲ್ಲ.

ಅಂಗಡಿಯಲ್ಲಿ ಬಿಲ್ಲಿನ ಹುಡುಗಿ ಬೆರಗಾದಳು. “ಅಕ್ಕಾ! ಏನು ಮಾಡ್ಕೊಂಡ್ರಿ? ಮಿಂಚ್ತಿದ್ದೀರಾ!”

“ಎದುರುಗಡೆ ಕ್ರೀಮು,” ಎಂದು ಬಿಂಕದಿಂದ ಹೇಳಿ ಅವಳು ನೇರ ಅವನ ಕೌಂಟರಿಗೆ ನಡೆದಳು. ಡಬ್ಬಿಯನ್ನು ಟಣ್ಣೆಂದು ಇಟ್ಟು ಒಂದು ಮಾತು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದಳು. ‘ಕೆಲಸ ಮಾಡಲ್ಲ ಅಂದ್ರಲ್ಲ, ನೋಡಿ!’

ಹೇಳಲು ಅವನು ಬಿಟ್ಟರೆ ತಾನೇ! ಕರವಸ್ತ್ರದಲ್ಲಿ ಮುಖ ಮುಚ್ಚಿ ಕೂತಿದ್ದವನು ಅವಳನ್ನು ಕಂಡವನೇ ಎದ್ದು ಓಡಿಬಂದ.

“ಉರೀತಿದೆಯಾ? ತುರಿಕೆ? ಸಿಪ್ಪೆ ಏಳ್ತಿದೆಯಾ? ಬೆಳಕಿಗೆ ಬನ್ನಿ, ಸ್ವಲ್ಪ ಬೆಳಕಿಗೆ ಬನ್ನಿ...”

ಕರವಸ್ತ್ರ ಜಾರಿತು.

ಅವನ ಮುಖ ಬೇಯಿಸಿದ ಬೀಟ್‌ರೂಟಿನ ಹಾಗಾಗಿತ್ತು! ಕೆನ್ನೆ ಎರಡೂ ಊದಿ, ಕೆಂಪೆದ್ದು, ಹೊಳೆಯುತ್ತಿದ್ದವು.

“ಅಯ್ಯೋ ದೇವರೇ! ಏನಾಯ್ತು ನಿಮ್ಮ ಮುಖಕ್ಕೆ?”

“ನನ್ನ ಮುಖ ಹಾಳಾಗ್ಲಿ, ನಿಮ್ಮದು ಹೇಳ್ರೀ!”

“ನಂದು... ಚೆನ್ನಾಗಿದೆಯಲ್ಲ.”

ಅವನು ಬೆಳಕಿನಲ್ಲಿ ಒಮ್ಮೆ, ವಾರೆಯಾಗಿ ಒಮ್ಮೆ ನೋಡಿದ. ಸ್ಟೂಲಿನ ಮೇಲೆ ಕುಸಿದ. “ಅಬ್ಬಾ...” ಎಂದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮರುಕ್ಷಣವೇ “ಅಮ್ಮಾ!” ಎಂದು ಕೈ ತೆಗೆದ. ಉರಿ!

“ಏನಿದು? ಬಿಡಿಸಿ ಹೇಳಿ,” ಎಂದಳು ಅವಳು. ದನಿಯಲ್ಲಿದ್ದ ಸಿಟ್ಟು ಯಾವಾಗಲೋ ಇಳಿದಿತ್ತು.

“ಆ ಡಬ್ಬಿಲಿರೋದು ಆ ಕ್ರೀಮಲ್ಲ. ಸ್ಯಾಂಪಲ್ ಮುಗಿದು ವಾರ ಆಯ್ತು. ಬೆಳ್ಳಗಿರೋದು ಏನಾದ್ರೂ ತುಂಬಿಡು ಅಂದ್ರು ಮ್ಯಾನೇಜರ್. ಗಿರಾಕಿಗಳು ಕೈಗೆ ತಾನೇ ಹಚ್ಚಿ ನೋಡೋದು... ನಮ್ಮಮ್ಮನಿಗೆ ತಂದಿದ್ದ ಟ್ಯೂಬು ಚೀಲದಲ್ಲಿತ್ತು, ಅರ್ಧ ಹಿಂಡಿಬಿಟ್ಟೆ.”

“ಏನು ಟ್ಯೂಬು?”

ಅವನು ನೆಲ ನೋಡಿದ.

“ಹಿಮ್ಮಡಿ ಒಡಕಿಗೆ ಹಚ್ಚೋದು.”

ಅವಳ ಕೈ ತನ್ನ ಕೆನ್ನೆಗೆ ಹೋಯಿತು.

“ಹಿಮ್ಮಡಿ...? ನನ್ನ ಮುಖಕ್ಕೆ... ಹಿಮ್ಮಡಿ ಕ್ರೀಮಾ?!”

“ಅದಕ್ಕೇ ಕೆಲಸ ಮಾಡಲ್ಲ ಅಂದಿದ್ದು! ಡಬ್ಬಿಗೆ ಅಂದಿದ್ದು ರೀ, ನಿಮ್ಮ ಮುಖಕ್ಕಲ್ಲ! ಅಷ್ಟರಲ್ಲಿ ಆ ಮನುಷ್ಯ ಬಂದ, ನನ್ನ ಬಾಯಿ ಕಟ್ಟೋಯ್ತು. ಹೆದರಿಬಿಟ್ಟೆ, ಒಪ್ಕೋತೀನಿ. ಓಡಿ ಬರೋಷ್ಟರಲ್ಲಿ ನೀವು ಬಸ್ ಹತ್ತಿ ಆಗಿತ್ತು. ಮನೆ ಗೊತ್ತಿಲ್ಲ, ನಂಬರ್ ಇಲ್ಲ. ಟ್ಯೂಬ್ ಮೇಲೆ ನೋಡಿದ್ರೆ ‘ಮುಖಕ್ಕೆ ಹಚ್ಚಬಾರದು, ಚರ್ಮ ಸುಲಿಯುತ್ತದೆ’ ಅಂತ ಇದೆ! ಜೀವ ಬಾಯಿಗೆ ಬಂತು.”

“ಅದಕ್ಕೆ...?”

“ಅದಕ್ಕೆ ಉಳಿದ ಅರ್ಧ ನಾನು ಹಚ್ಕೊಂಡೆ.”

“ಯಾಕೆ?!”

“ನಿಮಗೇನಾಗುತ್ತೋ ನನಗೆ ಗೊತ್ತಾಗ್ಲಿ ಅಂತ. ನಿಮ್ಮ ಮುಖ ಹೋದ್ರೆ ನಂದೊಂದು ಯಾಕಿರ್ಬೇಕು ಅಂತ...” ಅವನ ದನಿ ಸಣ್ಣದಾಯಿತು. “ಶೇವ್ ಮಾಡಿದ ತಕ್ಷಣ ಹಚ್ಬಾರದಿತ್ತು. ಅದೊಂದು ತಪ್ಪಾಯ್ತು.”

ಅವಳ ಎದೆಯಲ್ಲಿ ನಿನ್ನೆಯಿಂದ ಕೂತಿದ್ದ ಕಲ್ಲು ಅಲುಗಿತು. ‘ಪೆದ್ದ... ನನಗೋಸ್ಕರ ಮುಖ ಸುಟ್ಕೊಂಡ ಪೆದ್ದ!’ ಅಳು ಬಂತೋ ನಗು ಬಂತೋ ಗೊತ್ತಾಗಲಿಲ್ಲ. ಎರಡೂ ಒಟ್ಟಿಗೇ ಬಂದವು.

“ಮತ್ತೆ ನಿನ್ನೆ ಯಾಕೆ ನಕ್ರಿ?”

“ನಕ್ಕಿಲ್ಲ ರೀ! ಕೌಂಟರಲ್ಲಿ ನಿಂತಿರೋವರೆಗೂ ಹಲ್ಲು ಕಾಣ್ತಿರ್ಬೇಕು ಅಂತ ಕಂಪನಿ ರೂಲು. ಆ ನಗು ತೆಗೆಯೋಕೆ ಮರೆತೆ. ಒಳಗೆ ಆ ಮನುಷ್ಯನ ಹಲ್ಲು ಉದುರಿಸ್ಬೇಕು ಅನ್ನಿಸ್ತಿತ್ತು.”

“ಎಲ್ಲಿ? ಎಲ್ಲಿ ಆ ಯಮ್ಮ?” ಎಂಬ ದನಿ ಕೇಳಿ ಇಬ್ಬರೂ ತಿರುಗಿದರು.

ಮ್ಯಾನೇಜರ್ ಬರುತ್ತಿದ್ದ, ಪಕ್ಕದಲ್ಲಿ ಕೋಲೂರಿಕೊಂಡು ದೊಡ್ಡಮ್ಮ. ಬಿಲ್ಲಿನ ಹುಡುಗಿಯ ಸುದ್ದಿ ಆಗಲೇ ಅವನ ಕಿವಿ ಮುಟ್ಟಿತ್ತು. ಗೋಡೌನಿನ ಮಾತು ಮರೆತೇಹೋಗಿತ್ತು. ಗಾಳಿ ಬಂದ ಕಡೆ ತೂರಿಕೊಳ್ಳುವುದರಲ್ಲಿ ಅವನು ಎತ್ತಿದ ಕೈ!

“ನೋಡಿ ದೊಡ್ಡಮ್ಮ! ನಮ್ಮ ಕ್ರೀಮು, ಒಂದೇ ರಾತ್ರಿ! ನಿನ್ನೆ ಇವರನ್ನ ನೋಡ್ಬೇಕಿತ್ತು ನೀವು, ಅಬ್ಬಬ್ಬಾ! ಬನ್ನಿ ಮೇಡಂ, ಬನ್ನಿ ಸರ್, ಎಲ್ಲರೂ ನೋಡಿ! ಹೇಳೀಮ್ಮಾ, ಎಲ್ಲರ ಮುಂದೆ ಹೇಳಿ. ಇನ್ಮೇಲೆ ನೀವು ಮುಂದ್ಗಡೆನೇ ನಿಲ್ಲೋದು!”

ಗಿರಾಕಿಗಳು ಸುತ್ತ ನೆರೆದರು. ‘ಹೌದು’ ಎಂದರೆ ಸಾಕು, ಜಾಗ ಉಳಿಯುತ್ತದೆ. ಒಂದೇ ಒಂದು ಮಾತು. ಅವಳು ಕ್ರೀಮ್ ಕೌಂಟರಿನವನ ಕಡೆ ನೋಡಿದಳು. ಆ ಊದಿದ ಮುಖ ಹೊತ್ತುಕೊಂಡೇ ನಿಂತಿದ್ದ.

ಅಮ್ಮ ಬೆಳಗ್ಗೆ ಅಂದ ಮಾತು ಈಗ ಕಿವಿಗೆ ಬಿತ್ತು. ಅವಳು ಡಬ್ಬಿಯನ್ನು ದೊಡ್ಡಮ್ಮನ ಕೈಗಿತ್ತಳು.

“ನನ್ನ ಮುಖದಲ್ಲಿರೋದು ಕ್ರೀಮಲ್ಲ ದೊಡ್ಡಮ್ಮ. ನಿದ್ದೆ. ನಿನ್ನೆ ನಮ್ಮಮ್ಮ ಪಾತ್ರೆ ತೊಳೆದ್ರು, ನಾನು ಮಲಗಿದೆ. ಈ ಡಬ್ಬಿಲಿರೋದು ಹಿಮ್ಮಡಿ ಒಡಕಿನ ಕ್ರೀಮು. ಅದು ಮುಖಕ್ಕೆ ಏನು ಮಾಡುತ್ತೆ ಅಂತ ನೋಡ್ಬೇಕಂದ್ರೆ ಇವರನ್ನ ನೋಡಿ.”

ಅಂಗಡಿಯೇ ಅವನ ಮುಖ ನೋಡಿತು. ಗೊಳ್ಳೆಂದು ನಕ್ಕಿತು.

ಮ್ಯಾನೇಜರ್ ಬೆವರು ಒರೆಸಿಕೊಂಡ. “ದೊಡ್ಡಮ್ಮ, ಅದಕ್ಕೇ ನಾನು ಹೇಳೋದು, ಇಂಥವರನ್ನ ಗೋಡೌನಿಗೆ ಹಾಕಿ, ಮುಂದ್ಗಡೆ ಫ್ರೆಶ್ ಮುಖ...”

“ಫ್ರೆಶ್ ಮುಖ?” ದೊಡ್ಡಮ್ಮ ತಮ್ಮ ಸುಕ್ಕುಗಟ್ಟಿದ ಮುಖವನ್ನು ಅವನ ಮುಖದ ಹತ್ತಿರ ತಂದರು. “ಹಾಗಾದ್ರೆ ನನ್ನನ್ನ ಯಾವ ಗೋಡೌನಿಗೆ ಹಾಕ್ತೀಯಪ್ಪಾ?”

ಮ್ಯಾನೇಜರ್ ಹಿಂದೆ ಸರಿದು ಶೂ ಡಬ್ಬಗಳಿಗೆ ಬೆನ್ನು ತಾಗಿಸಿಕೊಂಡ.

“ನೀನು ಮೇಲೆ ಬಾ. ಡಬ್ಬಿಗೆ ತುಂಬಿಸಿದ್ದು ಯಾರು ಅಂತ ಮಾತಾಡೋಣ.” ಅವರು ಅವಳ ಕಡೆ ತಿರುಗಿದರು. “ನೀನು ನಿನ್ನ ಜಾಗದಲ್ಲೇ ಇರಮ್ಮಾ. ಮೊದ್ಲು ಆ ಹುಡುಗನ ಮುಖಕ್ಕೆ ಏನಾದ್ರೂ ಮಾಡು, ನೋಡೋಕಾಗ್ತಿಲ್ಲ.” ಎರಡು ಹೆಜ್ಜೆ ಹೋಗಿ ನಿಂತರು. “ಅಂದ್ಹಾಗೆ... ಆ ಹಿಮ್ಮಡಿ ಟ್ಯೂಬು ಎಲ್ಲಿ ಸಿಗುತ್ತೆ?”

ಅವಳು ಉಸಿರು ಬಿಟ್ಟಳು. ಎಷ್ಟು ದಿನದ ಉಸಿರೋ ಅದು! ಭುಜ, ಬೆನ್ನು, ಹಣೆಯ ಗಂಟು, ಎಲ್ಲ ಒಂದೊಂದೇ ಸಡಿಲವಾದವು.

ಕರವಸ್ತ್ರವನ್ನು ತಣ್ಣೀರಿನಲ್ಲಿ ಅದ್ದಿ ತಂದು ಅವನ ಕೆನ್ನೆಗೆ ಮೆತ್ತಗೆ ಒತ್ತಿದಳು.

“ಉರೀತಿದೆಯಾ?”

“ನಿಮ್ಮ ಕೈ ಇರೋ ಕಡೆ ಇಲ್ಲ.”

“ಸಾಕು ಡೈಲಾಗು!”

“ನಿಜ ರೀ. ನಾನು ತಿಂಗಳಿಂದ ನೋಡ್ತಿದ್ದೀನಿ ನಿಮ್ಮನ್ನ. ಈ ಜಾಹೀರಾತಿನ ಹುಡುಗಿ ಇಷ್ಟು ದೊಡ್ಡದಾಗಿ ನನ್ನ ಹಿಂದೇನೇ ಇದ್ದಾಳೆ, ಒಂದ್ಸಲಾನೂ ತಿರುಗಿ ನೋಡಿಲ್ಲ.”

ಅವಳು ಕರವಸ್ತ್ರದ ಮಗ್ಗುಲು ಬದಲಿಸಿ ಮತ್ತೆ ಒತ್ತಿದಳು.

“ನನಗೆ ಮೂವತ್ತೆಂಟು,” ಎಂದಳು. ಮೊದಲೇ ಹೇಳಿಬಿಡುವುದು ಒಳ್ಳೆಯದು.

“ನನಗೆ ಮೂವತ್ತೈದು. ಇವತ್ತು ನೋಡೋಕೆ ಐವತ್ತೈದು. ಹೊಂದ್ಕೊಂಡು ಹೋಗ್ತೀರಾ?”

“ನೋಡೋಣ,” ಎಂದಳು. ತುಟಿಯಂಚಿನ ನಗು ಮಾತ್ರ ನೋಡೋಣ ಎನ್ನುತ್ತಿರಲಿಲ್ಲ. “ಮೊದಲು ಏಳಿ, ಔಷಧಿ ಅಂಗಡಿಗೆ ಹೋಗೋಣ. ನಿಮ್ಮಮ್ಮನಿಗೂ ಒಂದು ಟ್ಯೂಬು ತಗೋಬೇಕು. ಪಾಪ, ಅವರ ಹಿಮ್ಮಡಿ ಏನು ತಪ್ಪು ಮಾಡಿತ್ತು?”

“ಸಂಜೆ ನೀವೇ ಬಂದು ಕೊಡಿ.”

“...ಬರ್ತೀನಿ.”

ಇಬ್ಬರೂ ಬಾಗಿಲಿನತ್ತ ನಡೆದರು. ಮೆಟ್ಟಿಲ ಮೇಲಿನಿಂದ ಮ್ಯಾನೇಜರನ ದನಿ ಅಟ್ಟಿಸಿಕೊಂಡು ಬಂತು. ಗದರಿಕೆ ಹೋಗಿ ಗೋಗರೆತ ಬಂದಿತ್ತು ಅದರಲ್ಲಿ.

“ಏಯ್, ಎಲ್ಲಿಗಯ್ಯಾ ಹೊರಟೆ? ಡಬ್ಬಿಗೆ ತುಂಬು ಅಂತ ನಾನು ಹೇಳ್ಲಿಲ್ಲ ತಾನೇ? ಬಂದು ದೊಡ್ಡಮ್ಮನಿಗೆ ಒಂದು ಮಾತು ಹೇಳ್ಹೋಗಪ್ಪಾ! ಹೇಳ್ಲಿಲ್ಲ ತಾನೇ?... ಏಯ್!”

ಅವನು ತಿರುಗಲಿಲ್ಲ. ಕೆಂಪಗೆ ಉರಿಯುವ ಮುಖವನ್ನು ಬೀದಿಯ ಗಾಳಿಗೆ ಒಡ್ಡಿ, ಅವಳ ಕೈ ಹಿಡಿದು, ಉತ್ತರ ಕೊಡದೆ ನಡೆದುಹೋದ.