ಬೀಗದೊಳಗಿನ ಏಳನೇ ಪ್ಯಾಕೆಟ್

"ಈ ಪ್ಯಾಕೆಟ್‌ಗಳನ್ನ ಅಲ್ಲಿ ಯಾವತ್ತು ಒಡೀತೀರಿ?"

ಮತ್ತೆ ಅದೇ ಪ್ರಶ್ನೆ!

ಖಾರದ ಬಿಸ್ಕತ್ತಿನ ಚೂರನ್ನು ಬಾಯಿಗಿಡಲು ಹೊರಟಿದ್ದ ಪುಟ್ಟಿಯ ಕೈ ಅರ್ಧದಲ್ಲೇ ನಿಂತಿತು. ಕೌಂಟರಿನ ಆಚೆ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ನಿಂತವನು ಪೆನ್ಸಿಲ್ ಹಿಡಿದು ಉತ್ತರಕ್ಕೆ ಕಾಯುತ್ತಿದ್ದ.

"ಯಾವತ್ತು ಒಡೆದರೆ ನಿಮಗೇನ್ರೀ?"

"ಸುಮ್ನೆ... ದಿನ, ಟೈಮು ಗೊತ್ತಾದ್ರೆ ಒಳ್ಳೇದಿತ್ತು."

ದಿನ ಸಾಲದು ಅಂತ ಟೈಮೂ ಬೇಕಂತೆ!

"ಭಾನುವಾರ. ಸಾಯಂಕಾಲ ನಾಲ್ಕಕ್ಕೆ," ಎಂದಳು ಬಿರುಸಾಗಿ. ಹಿಂದಿನ ಎರಡು ವರ್ಷವೂ ಇದನ್ನೇ ಹೇಳಿದ್ದಳು. ಮೂರು ಸಲವೂ ಅದು ಅಪ್ಪಟ ಸುಳ್ಳು.

ಅವನು ನಂಬಿ ಬರೆದುಕೊಂಡ.

"ಮತ್ತೆ... ಖಾರ ಆಗದವರು ಒಬ್ಬರಿದ್ದಾರೆ ಅಂದ್ರಲ್ಲ, ಅವರು ಗಂಡಸರಾ? ವಯಸ್ಸೆಷ್ಟು?"

ಪುಟ್ಟಿಯ ಹುಬ್ಬು ಗಂಟಿಕ್ಕಿತು. ಬಿಸ್ಕತ್ತು ಮಾರುವವನಿಗೆ ತಿನ್ನುವವರ ಜಾತಕ ಯಾಕೆ?

ಅವಳ ಕೆಲಸ ಪರದೇಶದಲ್ಲಿ. ಕಟ್ಟುಹಲ್ಲು ತಯಾರಿಸುವ ಲ್ಯಾಬು. ಅಲ್ಲಿ ಅವಳ ಜೊತೆ ಆರು ಜನ. ವರ್ಷಕ್ಕೊಮ್ಮೆ ಮೂರು ವಾರದ ರಜಕ್ಕೆ ಮನೆಗೆ ಹೊರಟಳೆಂದರೆ ಆರೂ ಬಾಯಿಂದ ಒಂದೇ ಮಾತು, "ಬರುವಾಗ ತಿನ್ನೋಕೆ ಏನು ತರ್ತೀಯಾ?"

ಆರಿಸುವುದು ಹುಡುಗಾಟವಲ್ಲ. ಮೇಷ್ಟ್ರು ಎಂದು ಕರೆಯುವ ಹಿರಿಯರಿಗೆ ಖಾರ ಆಗದು, ಹಲ್ಲೂ ಸ್ವಂತದ್ದಲ್ಲ. ಡಯಟ್ ರಾಣಿ ಸಕ್ಕರೆ ಮುಟ್ಟುವುದಿಲ್ಲ ಎನ್ನುತ್ತಲೇ ಸಕ್ಕರೆ ಪಾಕದ ಕಡಲೆಬೀಜವನ್ನು ಮೊದಲು ಖಾಲಿ ಮಾಡುತ್ತಾಳೆ. ಅದೆಲ್ಲ ಹದವಾಗಿ ಸಿಗುವುದು ಈ ಅಂಗಡಿಯಲ್ಲಿ ಮಾತ್ರ. ಬಂದವರನ್ನೆಲ್ಲ "ಗರಿಗರಿ ಇತ್ತಾ?" ಎಂದು ಕೇಳಿ ಕೇಳಿ, ಬೀದಿಯವರು ಅಂಗಡಿಯವನಿಗೇ ಗರಿಗರಿ ಎಂದು ಹೆಸರಿಟ್ಟಿದ್ದರು.

ನಿಜ ಹೇಳಬೇಕೆಂದರೆ, ಮೂರು ಬಗೆಯ ತಿಂಡಿ ಆರಿಸಲು ಅವಳು ಹನ್ನೊಂದು ಸಲ ಅಂಗಡಿಗೆ ಬಂದಿದ್ದಳು. ಅಷ್ಟು ರುಚಿ ನೋಡುವುದು ಬಾಕಿಯಿತ್ತೇ? ಇಲ್ಲ. ಅವನು ಒಲೆಯಿಂದ ತಟ್ಟೆ ಇಳಿಸಿ, ಊದಿ, ಆರಿಸಿ, ಮೊದಲ ಚೂರನ್ನು ಅವಳಿಗೇ ಕೊಡುತ್ತಿದ್ದ. ಆ ಚೂರಿಗಾಗಿ ಬರುತ್ತಿದ್ದಳು. ಹಾಗೆಂದು ತನ್ನ ಮನಸ್ಸಿಗೂ ಒಪ್ಪಿಕೊಂಡಿರಲಿಲ್ಲ, ಪಾಪ!

ಒಪ್ಪಿಕೊಳ್ಳಲು ಭಯ. ಮೂರು ವರ್ಷದ ಹಿಂದೆ ಅವಳ ನಿಶ್ಚಿತಾರ್ಥ ಮುರಿದಿತ್ತು. ಆ ಹುಡುಗನೂ ನಗುನಗುತ್ತ ಕೇಳುತ್ತಿದ್ದ, ಯಾರ ಜೊತೆ ಊಟ ಮಾಡ್ತೀಯಾ, ರೂಮಿಗೆ ಯಾರು ಬರ್ತಾರೆ... ಅವಳು ಹೇಳಿದ್ದನ್ನೆಲ್ಲ ಅವನ ಮನೆಯವರು ಒಂದಕ್ಕೆ ಹತ್ತು ಸೇರಿಸಿ ಇವಳ ಮುಖಕ್ಕೇ ಎಸೆದಿದ್ದರು. ಅಂದಿನಿಂದ ಯಾರಾದರೂ ಎರಡು ಪ್ರಶ್ನೆ ಕೇಳಿದರೆ ಅವಳ ಮೈ ಮುಳ್ಳಾಗುತ್ತದೆ.

ಅಷ್ಟರಲ್ಲಿ ಇನ್ನೊಂದು ಕಣ್ಣಿಗೆ ಬಿತ್ತು.

ಅವನು ಆರು ಪ್ಯಾಕೆಟ್ ಕಟ್ಟಿ ಮುಗಿಸಿದ್ದ. ಆಮೇಲೆ ಅದೇ ತಟ್ಟೆಯಿಂದ ಏಳನೆಯದನ್ನೂ ತುಂಬಿದ! ಅದರ ಮೇಲೆ "ಪುಟ್ಟಿ" ಎಂದು ಬರೆದ. ಅತ್ತ ಇತ್ತ ನೋಡಿ, ಗೋಡೆಯ ಸಣ್ಣ ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಯನ್ನು ಜೇಬಿಗಿಳಿಸಿದ.

ನನ್ನ ಹೆಸರಿನ ಪ್ಯಾಕೆಟ್ ಬೀಗದೊಳಗೆ... ಯಾರಿಗೆ ಕೊಡೋಕೆ? ಯಾರಿಗೆ ತೋರಿಸೋಕೆ?

ಆರು ಪ್ಯಾಕೆಟ್ ಎತ್ತಿಕೊಂಡು ಸರಸರನೆ ಮನೆಗೆ ನಡೆದಳು.

ಮನೆಯಲ್ಲಿ ಅತ್ತಿಗೆ ಸೂಟ್‌ಕೇಸಿಗೆ ಬಟ್ಟೆ ಮಡಚಿಡುತ್ತಿದ್ದಳು. ನಾಳೆ ಬೆಳಗ್ಗೆ ವಿಮಾನ.

"ಪುಟ್ಟಿ, ನಿನ್ನ ಗರಿಗರಿ ನಿನ್ನೆ ನಿಮ್ಮಣ್ಣಂಗೆ ಫೋನ್ ಮಾಡಿದ್ನಂತೆ!"

"ನನ್ನ ಗರಿಗರಿ ಅಲ್ಲ! ಏನಂತೆ?"

"ನಿನ್ನ ಕೆಲಸದ ಕರಾರು ಯಾವಾಗ ಮುಗಿಯುತ್ತೆ ಅಂತ ಕೇಳಿದ್ನಂತೆ. ನಿಮ್ಮಣ್ಣ ಅವನ ಜೊತೆ ಓದಿದವನಲ್ವಾ, ಎಲ್ಲಾ ಹೇಳಿದಾರೆ."

ಕರಾರು ಇನ್ನು ಏಳು ವಾರಕ್ಕೆ ಮುಗಿಯುತ್ತಿತ್ತು. ಇನ್ನೂ ಮೂರು ವರ್ಷಕ್ಕೆ ಮುಂದುವರಿಸುವ ಕಾಗದ, ಸಹಿ ಇಲ್ಲದೆ, ಅವಳ ಹೆಗಲ ಚೀಲದಲ್ಲೇ ಇತ್ತು. ಮೂರು ವಾರದಿಂದ ಅದಕ್ಕೆ ಸಹಿ ಹಾಕಲು ಅವಳಿಗೆ ಕೈ ಬಂದಿರಲಿಲ್ಲ. ಯಾಕೆಂದು ತನ್ನನ್ನೇ ಕೇಳಿಕೊಳ್ಳಲೂ ಅವಳಿಗೆ ಭಯ.

ಅವನೂ ಹಾಗೇನಾ? ಅವನೂ ನನ್ನ ತನಿಖೆ ಮಾಡ್ತಿದ್ದಾನಾ?

ಪೆನ್ನು ತೆಗೆದಳು. ಮತ್ತೆ ಮುಚ್ಚಿದಳು. ಸಹಿ ಆಮೇಲೆ ಹಾಕಿದರಾಯಿತು, ಮೊದಲು ಆ ಬೀರು!

"ಎಲ್ಲಿಗೇ?" ಎಂದು ಅತ್ತಿಗೆ ಕೇಳುವಷ್ಟರಲ್ಲಿ ಅವಳು ಬೀದಿಯಲ್ಲಿದ್ದಳು.

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಅವನ ಅಮ್ಮ ಸ್ಟೂಲಿನ ಮೇಲೆ ಕೂತು ಕಡಲೆಬೀಜ ಆರಿಸುತ್ತಿದ್ದರು.

"ಆ ಬೀರು ತೆಗೀರಿ," ಎಂದಳು ಪುಟ್ಟಿ, ನೇರ ಅವನಿಗೆ.

ಅವನ ಮುಖ ಬಿಳಿಚಿತು. "ಅದು... ಅದು ಬೇಡ ಬಿಡಿ."

"ಯಾಕೆ ಬೇಡ? ಒಳಗೆ ನನ್ನ ಹೆಸರಿದೆ. ನನ್ನ ಬಗ್ಗೆ ಏನೇನು ಕೂಡಿಟ್ಟಿದ್ದೀರಿ? ಯಾರು ಕೇಳಿದಾರೆ ನಿಮ್ಮನ್ನ? ನಾನು ಅಲ್ಲಿ ಯಾರ ಜೊತೆ ಕೂತು ತಿಂತೀನಿ ಅಂತ ಯಾರಿಗೆ ವರದಿ ಕೊಡ್ತಿದ್ದೀರಿ?"

ಅಳಬಾರದು, ಇವನ ಮುಂದೆ ಅಳಬಾರದು...

"ವರದಿನಾ?" ಅವನು ಕಂಗಾಲಾಗಿ ಅಮ್ಮನ ಕಡೆ ನೋಡಿದ.

"ನನ್ನೇನು ನೋಡ್ತೀಯೋ? ಆ ಹುಡುಗಿ ಕಣ್ಣಲ್ಲಿ ನೀರು ಬಂದಾಯ್ತು. ತೆಗಿ," ಎಂದರು ಅಮ್ಮ.

ಅವನು ಜೇಬಿನಿಂದ ಕೀ ತೆಗೆದು ಬೀಗ ತೆರೆದ.

ಒಳಗೆ ಹೊಸ ಪ್ಯಾಕೆಟ್ ಒಂದಿತ್ತು. ಪಕ್ಕದಲ್ಲಿ ಖಾಲಿ ಕವರುಗಳು ಎರಡು, ನೀಟಾಗಿ ಮಡಚಿದ್ದವು. ಎರಡರ ಮೇಲೂ "ಪುಟ್ಟಿ" ಎಂದಿತ್ತು. ಪುಟ್ಟಿ ಹೋದ ವರ್ಷದ್ದನ್ನು ಬಿಡಿಸಿದಳು. ಪೆನ್ಸಿಲಿನ ಗುಂಡು ಅಕ್ಷರ.

"ಭಾನುವಾರ. ಅಲ್ಲಿ ನಾಲ್ಕು, ಇಲ್ಲಿ ಆರೂವರೆ. ಗರಿಗರಿ ಇದೆ. ಖಾರ ಹೆಚ್ಚು. ಅಲ್ಲಿ ಯಾರೋ ನೀರು ಕೇಳಿರಬಹುದು. ಮುಂದಿನ ವರ್ಷ ಒಂದು ಪ್ಯಾಕೆಟ್ ಖಾರ ಇಲ್ಲದೆ ಮಾಡಬೇಕು."

ಅವಳು ಅದನ್ನು ಮತ್ತೊಮ್ಮೆ ಓದಿದಳು.

"ದೂರ ಹೋಗೋ ಮಾಲಲ್ಲಿ ಒಂದು ಪ್ಯಾಕೆಟ್ ಇಲ್ಲೇ ಇಟ್ಕೊಳ್ಳೋದು ನಮ್ಮಪ್ಪನ ಕಾಲದ ಪದ್ಧತಿ," ಎಂದನು ನೆಲ ನೋಡುತ್ತ. "ಅಲ್ಲಿ ಒಡೆಯೋ ದಿನ ಇಲ್ಲೂ ಒಡೆದು ರುಚಿ ನೋಡ್ತೀವಿ. ಮೆತ್ತಗಾಗಿದ್ರೆ ನಮಗೂ ಗೊತ್ತಾಗುತ್ತೆ. ವಯಸ್ಸಾದವರಾದ್ರೆ ತೆಳ್ಳಗೆ ತಟ್ಟೋಣ ಅಂತ ಕೇಳಿದೆ, ಅಷ್ಟೇ."

ಅಷ್ಟೇನಾ? ನಿರಾಳವಾಗಬೇಕಿತ್ತು. ಅದರ ಬದಲು ಎಲ್ಲೋ ಚೂರು ನಿರಾಸೆ!

ಆಗ ಅವಳ ಕಣ್ಣು ಕೌಂಟರಿನ ಕೆಳಗಿನ ತೆರೆದ ಹಲಗೆಗೆ ಹೋಯಿತು. ಅಲ್ಲೂ ಹೆಸರು ಬರೆದ ಪ್ಯಾಕೆಟ್‌ಗಳು. ದರ್ಜಿಯ ತಮ್ಮ, ಮೂಲೆ ಮನೆ ಡಾಕ್ಟರು, ಹಡಗಿನವರು...

"ಅವರದ್ದಕ್ಕೆ ಬೀಗ ಇಲ್ವಲ್ಲ?"

ಅವನು ಬಗ್ಗಿ ಹಲಗೆಯ ಮೇಲಿನ ಪ್ಯಾಕೆಟ್ ಒಂದನ್ನು ಸರಿಯಾಗಿ ಜೋಡಿಸಿದ.

"ನನ್ನದಕ್ಕೆ ಮಾತ್ರ ಯಾಕೆ?"

"ಅವರದ್ದನ್ನ... ಯಾರು ತಿಂದು ರುಚಿ ಹೇಳಿದ್ರೂ ಆಗುತ್ತೆ," ಎಂದ ಮೆಲ್ಲಗೆ. "ನಿಮ್ಮದನ್ನ ಬೇರೆ ಯಾರೂ ತಿನ್ನಬಾರದು ಅನ್ಸುತ್ತೆ. ಭಾನುವಾರ ಆರೂವರೆಗೆ ಅಂಗಡಿ ಬಾಗಿಲು ಹಾಕಿ ಕೂತ್ಕೋತೀನಿ. ನೀವೂ ಈಗ ಅಲ್ಲಿ ತಿಂತಿರ್ತೀರಿ ಅಂತ... ನಿಮ್ಮ ಎದುರಿಗೆ ಕೂತು ತಿಂದ ಹಾಗೆ ಆಗುತ್ತೆ. ಕರಾರು ಮುಗಿದ ಮೇಲಾದ್ರೂ ನೀವು ಬರ್ತೀರಾ ಅಂತ ನಿಮ್ಮಣ್ಣನ್ನ ಕೇಳಿದೆ. ನೇರ ನಿಮ್ಮನ್ನ ಕೇಳೋಕೆ ಧೈರ್ಯ ಬರಲಿಲ್ಲ. ನೀವಂದ್ರೆ ನಂಗೆ ತುಂಬಾ ಇಷ್ಟ."

ಸ್ಟೂಲಿನ ಮೇಲಿದ್ದ ಅಮ್ಮ ಎದ್ದು, ಒಲೆ ಮೇಲೆ ಏನೂ ಇಲ್ಲದಿದ್ದರೂ "ಸೀದು ಹೋಯ್ತೇನೋ" ಎನ್ನುತ್ತ ಒಳಗೆ ನಡೆದರು.

ಪುಟ್ಟಿ ಕವರನ್ನು ಎದೆಗೊತ್ತಿಕೊಂಡು ಅತ್ತೇಬಿಟ್ಟಳು.

"ಅಯ್ಯೋ, ಏನಾಯ್ತು? ತಪ್ಪಾಯ್ತು, ನಾನು ಹೇಳಬಾರದಿತ್ತು..."

"ಸುಳ್ಳು ಹೇಳಿದೆ ರೀ ನಾನು!"

"ಏನು ಸುಳ್ಳು?"

"ಭಾನುವಾರ, ನಾಲ್ಕು ಗಂಟೆ... ಎಲ್ಲಾ ಸುಳ್ಳು. ನಿಮ್ಮ ಮೇಲೆ ಅನುಮಾನದಿಂದ ಬಾಯಿಗೆ ಬಂದದ್ದು ಹೇಳಿದೆ. ನಾನು ಅಲ್ಲಿಗೆ ಕಾಲಿಡೋದು ಗುರುವಾರ. ಸೂಟ್‌ಕೇಸ್ ಪೂರ್ತಿ ತೆಗೆಯೋ ಮುಂಚೆನೇ ಆರೂ ಜನ ಮುಗಿಸಿಬಿಡ್ತಾರೆ. ನೀವು ಇಲ್ಲಿ ಬಾಗಿಲು ಹಾಕಿ ಕೂತಾಗ ಅಲ್ಲಿ ಒಂದು ಪುಡಿನೂ ಇರ್ತಿರಲಿಲ್ಲ!"

ಎರಡು ವರ್ಷದ ಎರಡು ಭಾನುವಾರ ಒಬ್ಬನೇ ತಿಂದದ್ದು ಅವನ ಮುಖದಲ್ಲಿ ಕಂಡಿತು. ಅವಳಿಗೆ ಅದನ್ನು ನೋಡಲಾಗಲಿಲ್ಲ.

"ಹೋಗ್ಲಿ ಬಿಡಿ," ಎಂದ ಕೊನೆಗೆ. "ಖಾರ ಜಾಸ್ತಿಯಾಗಿತ್ತಾ, ಅದಾದ್ರೂ ನಿಜನಾ?"

ಅಳುವಿನ ಮಧ್ಯೆಯೇ ಅವಳಿಗೆ ನಗು ಬಂತು. "ನಿಜ. ಮೇಷ್ಟ್ರು ನೀರು ಕೇಳಿದ್ರು."

ಕಣ್ಣೊರೆಸಿಕೊಂಡು ಅವಳು ಹೊಸ ಪ್ಯಾಕೆಟ್ಟನ್ನು ಮತ್ತೆ ಬೀರುವಿನಲ್ಲಿಟ್ಟಳು. ತಾನೇ ಬೀಗ ಹಾಕಿದಳು. ಕೀಯನ್ನು ತನ್ನ ಹೆಗಲ ಚೀಲಕ್ಕೆ ಹಾಕಿಕೊಂಡಳು, ಸಹಿಯಿಲ್ಲದ ಆ ಕಾಗದದ ಪಕ್ಕಕ್ಕೆ.

"ಕೀ ಯಾಕೆ ತಗೊಂಡ್ರಿ?"

"ಈ ಸಲ ಒಬ್ರೇ ತಿನ್ನೋ ಹಾಗಿಲ್ಲ. ಇದು ಎಷ್ಟು ದಿನ ಕೆಡಲ್ಲ?"

"ಎರಡು ತಿಂಗಳು. ಆಮೇಲೆ ಮೆತ್ತಗಾಗುತ್ತೆ."

"ನನಗೆ ಏಳು ವಾರ ಸಾಕು."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹಿಟ್ಟು ಮೆತ್ತಿದ ಕೈಯಲ್ಲೇ ಮುಖ ಒರೆಸಿಕೊಂಡ.

"ದಿನ, ಟೈಮು ಹೇಳ್ತೀರಾ?" ಎಂದ.

"ಟಿಕೆಟ್ ತಗೊಂಡ ತಕ್ಷಣ ಹೇಳ್ತೀನಿ. ಈ ಸಲ ನಿಜ ಹೇಳ್ತೀನಿ, ಬರ್ಕೊಳ್ಳಿ."