ಒಲೆಯ ಮುಂದಿನ ಗೆರೆ

ವಾಸ್ಕೋದ ಬಾಡಿಗೆ ಕೋಣೆಯಲ್ಲಿ ಪಾರ್ಕಿನ್ಸನ್ ರೋಗದ ಅಪ್ಪನ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿತ್ತು. ಡಾಕ್ಟರು ಹೇಳಿದಂತೆ ನೆಲದ ಮೇಲೆ ಅಲ್ಲಲ್ಲಿ ಅಡ್ಡಗೆರೆ ಎಳೆದೆ. ಗೆರೆ ಕಂಡರೆ ಅಪ್ಪ ಕಾಲೆತ್ತಿ ದಾಟುತ್ತಿದ್ದ. ಒಲೆಯ ಮುಂದಿನದೊಂದನ್ನು ಮಾತ್ರ ದಾಟಲಿಲ್ಲ.

"ಅಲ್ಲಿ ನಿಮ್ಮವ್ವ ಮಲಗ್ಯಾಳ. ಮಲಗಿದವ್ರನ್ನ ದಾಟಬಾರ್ದು," ಅಂದ.

ಅವ್ವ ಸತ್ತು ವರ್ಷವಾಗಿತ್ತು. "ನಾಟಕ ಸಾಕಪಾ, ನನಗ ಕೆಲಸಕ್ಕ ಹೊತ್ತಾತು," ಎಂದು ಗದರಿ ನಾನೇ ದಾಟಿ ತೋರಿಸಿದೆ. ಅಂಗಾಲಿಗೆ ಬಿಸಿ ಉಸಿರು ತಾಕಿತು. ಸದಾ ನಡುಗುತ್ತಿದ್ದ ಅಪ್ಪನ ಕೈ ಗಕ್ಕನೆ ನಿಂತಿತು.

"ತಪ್ಪಾತು. ಹೊಳ್ಳಿ ದಾಟಿ ಬಾ," ಅಂದ.

ನಾನು ತಿರುಗಿ ದಾಟದೆ ಬಂದರಿಗೆ ಹೊರಟುಹೋದೆ. ಸಂಜೆ ಬಂದಾಗ ಅಪ್ಪ ಒಲೆಯ ಮುಂದೆಯೇ, ಇನ್ನೊಬ್ಬರಿಗೆ ಜಾಗ ಬಿಟ್ಟು, ಮಗ್ಗುಲಾಗಿ ಸತ್ತು ಮಲಗಿದ್ದ.

ಗೆರೆಗಳನ್ನು ತಿಕ್ಕಿ ತೊಳೆದಿದ್ದೇನೆ. ಆದರೂ ತಿರುಗಿ ದಾಟಲು ಹೋದರೆ ಅಲ್ಲಿ ನನ್ನ ಕಾಲು ಏಳುವುದಿಲ್ಲ. ನನಗೆ ಯಾವ ರೋಗವೂ ಇಲ್ಲ ಎನ್ನುತ್ತಾರೆ ಡಾಕ್ಟರು.